ತೂರಾನ್ ಖಾನುಂ ಕೂತಿದ್ದ ಕೋಣೆ

ಆಬಾನ್ ತಿಂಗಳು ೨೧, ಬೆಳಿಗ್ಗೆ

ಹೊಸ ಕೊಳವೆಗಳನ್ನು ಕುಲುಮೆಗೆ ಇಳಿಸಿದ್ದಾಯಿತು. ಹೋದ ಸಲದವು ಕಾಯುವಾಗಲೇ ಬಿರುಕು ಬಿಟ್ಟಿದ್ದವು. ಈ ಸಲ ಸೆರಾಮಿಕ್ ಪೊರೆ ಕಾಗದಕ್ಕಿಂತ ತೆಳು, ಅದನ್ನು ಹೊರಲು ಅಡಿಯಲ್ಲಿ ದಪ್ಪ ಪದರ. ಕೆಂಪಗೆ ಕಾದ ಮೇಲೆ ಗಾಳಿಯಿಂದ ಆಮ್ಲಜನಕವನ್ನಷ್ಟೇ ದಾಟಿಸಬೇಕು. ಉಳಿದ ಗಾಳಿ ಪೈಪಿನಲ್ಲಿ ಹೊರಗೆ. ಬಿಸಿ ಏರಿಸಲು ಅವಸರಪಟ್ಟೆ. ತೂರಾನ್ ಖಾನುಂ ಕೈ ಹಿಡಿದರು. "ನಿಧಾನ, ಕಾಮ್ಯಾರ್ ಜಾನ್. ನಿನ್ನ ಕಾರಲ್ಲ ಇದು."

ಲ್ಯಾಬ್ ಅವರದ್ದು. ಹಟವೂ ಅವರದ್ದೇ. ಗಂಡ ಇರಜ್ ಆಘಾ ಯುದ್ಧದಲ್ಲಿ ವಿಷಾನಿಲ ಕುಡಿದು ಬಂದವರು. ಹಾಸಿಗೆ ಬಿಟ್ಟು ಏಳುವುದಿಲ್ಲ. ಮನೆಗೆ ಆಮ್ಲಜನಕದ ಸಿಲಿಂಡರ್ ತಡವಾದ ದಿನ ಖಾನುಂ ಮುಖ ನೋಡಲಾಗುವುದಿಲ್ಲ.

ಆಬಾನ್ ೨೪

ಕೊಳವೆಗಳು ಬಿರುಕು ಬಿಡಲಿಲ್ಲ. ಆಮ್ಲಜನಕ ಬರುತ್ತಿದೆ — ಹಿಂದೆಂದೂ ಇಷ್ಟು ಬಂದಿಲ್ಲ. ಚಳಿ ಎಂದು ಖಾನುಂ ಕುಲುಮೆ ಕೋಣೆಯ ಕಿಟಕಿ ಮುಚ್ಚಿ ಅಲ್ಲೇ ಕೂರುತ್ತಾರೆ. ಕುಲುಮೆಯ ಹಿಂದೆ ಯಾರೋ ಉಸಿರಾಡಿದ ಹಾಗೆ ಕೇಳಿಸುತ್ತದಂತೆ. ಇರಜ್ ಆಘಾ ಉಸಿರಿನ ಹಾಗೇ, ಆದರೆ ಕೆಮ್ಮಿಲ್ಲದೆ. ಪಂಪ್ ಇರಬೇಕು ಎಂದೆ. ನಕ್ಕರು.

ಆಬಾನ್ ೨೬, ಸಂಜೆ

ಆಸ್ಪತ್ರೆಯಿಂದ ಈಗ ಬಂದೆ.

ಮಧ್ಯಾಹ್ನ ಖಾನುಂ ಅವರನ್ನು ಚಹಾಕ್ಕೆ ಕರೆಯಲು ಹೋದೆ. ಕುರ್ಚಿಗೆ ಒರಗಿದ್ದರು. ತುಟಿ ನೀಲಿ. ಮುಖದಲ್ಲಿ ನಗು.

"ಬಾ, ಕೂತ್ಕೋ. ಎಷ್ಟು ಹಿತವಾಗಿದೆ ನೋಡು."

ಕೂತೆ. ಯಾಕೆ ಕೂತೆ — ಗೊತ್ತಿಲ್ಲ. ನಿಜವಾಗಿ ಹಿತವಾಗಿತ್ತು. ಕುಲುಮೆಯ ಹಿಂದೆ ಉಸಿರು... ನನಗೂ ಕೇಳಿಸಿತು. ಆ ಕೋಣೆಯಲ್ಲಿ ಎಂದೂ ಸೇದದವನು ಸಿಗರೇಟ್ ತೆಗೆದೆ. ಕಡ್ಡಿ ಗೀರಿದೆ, ಆರಿತು. ಇನ್ನೊಂದು. ಅದೂ ಆರಿತು. ಆಗ ಹೊಳೆಯಿತು.

ಖಾನುಂ ಅವರನ್ನು ಎಳೆದುಕೊಂಡು ಹೊರಬಂದೆ. ಬಾಗಿಲ ಚೌಕಟ್ಟು ಹಿಡಿದು ಬಿಡಲೊಲ್ಲರು.

ಹೊರಪೈಪ್ ಕಳಚಿತ್ತು. ಆಮ್ಲಜನಕ ಹಿಂಡಿ ತೆಗೆದ ಗಾಳಿಯೆಲ್ಲ ಕೋಣೆಯಲ್ಲೇ ತುಂಬಿತ್ತು. ಇನ್ನು ಸ್ವಲ್ಪ ಹೊತ್ತು ಕೂತಿದ್ದರೆ...

ಆಜರ್ ತಿಂಗಳು ೧೯

ಖಾನುಂ ಮತ್ತೆ ಕೆಲಸಕ್ಕೆ ಬರುತ್ತಿದ್ದಾರೆ. ಪೈಪ್ ಸರಿಮಾಡಿಸಿ ಗೋಡೆಗೆ ಮೀಟರ್ ಹಾಕಿಸಿದೆವು. ಕಿಟಕಿ ತೆರೆದೇ ಇರುತ್ತದೆ. ಆ ದಿನದ ಮಾತನ್ನು ಒಮ್ಮೆ ಮಾತ್ರ ಎತ್ತಿದರು. ಗಂಡನಿಗೂ ಹೇಳಿಲ್ಲವಂತೆ. ಬಿ.ಪಿ. ಏರಿ ಆಸ್ಪತ್ರೆ ಸೇರಿದ್ದೆ ಎಂದಿದ್ದಾರೆ.

ಆಜರ್ ೨೮

ನಮ್ಮ ಕೊಳವೆಗಳಿಂದ ಬಂದ ಮೊದಲ ಸಿಲಿಂಡರ್. ಆಸ್ಪತ್ರೆಯವರು ಪರೀಕ್ಷಿಸಿ ಒಪ್ಪಿದರು. ನಾನೇ ಖಾನುಂ ಮನೆಗೆ ಹೊತ್ತೊಯ್ದೆ. ಇರಜ್ ಆಘಾರನ್ನು ನೋಡಿದ್ದು ಇದೇ ಮೊದಲು. ಮಾಸ್ಕ್ ಹಾಕಿದ ಸ್ವಲ್ಪ ಹೊತ್ತಿಗೆ ಉಗುರಿಗೆ ಬಣ್ಣ ಬಂತು. ಖಾನುಂ ಕಣ್ಣೊರೆಸಿಕೊಳ್ಳುತ್ತ ಚಹಾ ತರಲು ಹೋದರು.

ಇರಜ್ ಆಘಾ ಮಾಸ್ಕ್ ಸರಿಸಿ ನನ್ನ ಮಣಿಕಟ್ಟು ಹಿಡಿದರು.

"ಅವಳನ್ನ ಎಳ್ಕೊಂಡು ಹೋದೆಯಲ್ಲ, ಒಳ್ಳೇದು ಮಾಡಿದೆ ಕಣಪ್ಪ. ಕುಲುಮೆ ಹಿಂದಿಂದ ಬಾ ಬಾ ಅಂತ ನಾನೇ ಕರೀತಿದ್ದೆ."

ಯಾರು ಹೇಳಿದರು ಎಂದು ಕೇಳಿದೆ. ಯಾರೂ ಹೇಳಿಲ್ಲವೆಂಬಂತೆ ತಲೆಯಾಡಿಸಿದರು.

"ನೀನು ಕೂತ್ಮೇಲೆ ನಿನ್ನನ್ನೂ ಕರೆದೆ."

ಖಾನುಂ ಚಹಾ ತಂದರು. ಕುಡಿದೆ. ರುಚಿ ಗೊತ್ತಾಗಲಿಲ್ಲ. ನಾಳೆ ಇನ್ನೊಂದು ಸಿಲಿಂಡರ್ ಒಯ್ಯಬೇಕು. ಒಬ್ಬನೇ ಹೋಗಲಾರೆ ಎಂದು ಖಾನುಂ ಅವರಿಗೆ ಹೇಗೆ ಹೇಳಲಿ?