ಇನಾಸನ ಭಾನುವಾರ

ಸೋಮವಾರ, ಸೆಪ್ಟೆಂಬರ್ 30

...ಅಲ್ಲ, ಫಾದರ್ ಹೇಳಿದ್ದರಲ್ಲಿ ತಪ್ಪೇನಿಲ್ಲ. ನಿನ್ನೆ ಬರೆಯುತ್ತಾ ಅರ್ಧಕ್ಕೇ ನಿದ್ದೆ ಬಂತು. ಇಗರ್ಜಿಗೆ ದುಡ್ಡು ಹಾಕಿದರೆ ಮುಗಿಯಲಿಲ್ಲ. ಹೊತ್ತು ಕೊಡಬೇಕು, ಕೈಯಲ್ಲಿರುವ ವಿದ್ಯೆ ಕೊಡಬೇಕು. ಟೈಮ್, ಟ್ಯಾಲೆಂಟ್, ಟ್ರೆಷರ್. ಮನೆಮನೆಗೆ ಹೋಗಿ ಜನರನ್ನು ಒಪ್ಪಿಸುವ ಕೆಲಸ ನನಗೆ. "ಸಿರಿಲಬಾಬ, ನಿಮಗೀಗ ಹೊತ್ತಿಗೇನೂ ಬರ ಇಲ್ಲವಲ್ಲ" ಅಂದರು. ಹೆಂಡತಿ ಎಸ್ತೆಲ್ ತೀರಿಕೊಂಡ ಮೇಲೆ ಮನೆಯಲ್ಲಿ ಅದೊಂದೇ ದಂಡಿಯಾಗಿ ಉಳಿದದ್ದು. ನಿಜ.

ಇವತ್ತು ಇನಾಸನ ಮನೆ. ರಂಪಣಿ ಬಲೆಯ ದೋಣಿಗೆ ತಾಂಡೇಲ ಅವನು. ಬಂಗಡೆ ಹಿಂಡು ದಡದ ಹತ್ತಿರ ಬಂದರೆ ದೋಣಿ ಎತ್ತ ತಿರುಗಬೇಕು, ಬಲೆ ಎಲ್ಲಿಂದ ಬಿಡಬೇಕು — ಎಲ್ಲ ಅವನ ಮಾತಿನ ಮೇಲೆ. ಅಂಗಳದಲ್ಲಿ ಕೂತು ಬಲೆ ಹೊಲಿಯುತ್ತಿದ್ದ. ಇಗರ್ಜಿ ಗಂಟೆಯ ಹಗ್ಗ ಹಳತಾಗಿದೆ, ಈ ಭಾನುವಾರ ಬದಲಾಯಿಸಬೇಕು, ಅಷ್ಟು ಎತ್ತರ ಹತ್ತಿ ಹೊಸತು ಕಟ್ಟುವವ ನಿನ್ನ ಬಿಟ್ಟರೆ ಯಾರಿದ್ದಾರೆ ಅಂದೆ.

"ಭಾನುವಾರ ಬ್ಯಾಡ್ರಾ ಬಾಬ. ಬಂಗಡೆ ಸೀಜನ್ನು. ಅದೇನ್ ಕ್ಯಾಲೆಂಡರ್ ನೋಡ್ಕಂಡ್ ಬರ್ತದ್ಯಾ?"

"ದೇವರಿಗೆ ಒಂದು ಬೆಳಿಗ್ಗೆ ಕೊಡುವುದಕ್ಕಾಗುವುದಿಲ್ಲವಾ?"

"ದೇವ್ರು ಒಪ್ತಾನೆ. ಕುಪ್ಪ ಒಪ್ಬೇಕಲ್ಲ!"

ಕುಪ್ಪ ಆ ಬಲೆಯ ಯಜಮಾನ. ನಾನು ಬಿಡಲಿಲ್ಲ. "ಟೈಮ್ ಅಂಡ್ ಟೈಡ್..." ಅಂತ ಶುರುಮಾಡಿದೆ. ಮುಂದಿನದು ನೆನಪಾಗಲಿಲ್ಲ. ಬಿ.ಎ.ಯಲ್ಲಿ ಬಾಯಿಪಾಠ ಇತ್ತು. ಇನಾಸ ನಕ್ಕುಬಿಟ್ಟ.

"ಆಯ್ತು, ಬರ್ತೆ. ಆದ್ರೆ ಕುಪ್ಪಂದು ಫೋನ್ ಬಂತು ಅಂದ್ರೆ ಓಡುದೇ, ಹಾಂ. ಅರ್ಧ ಗಂಟು ಹಾಕಿದ್ರೂ ಸೈ."

ಆಗಲಿ ಅಂದೆ. ಗೆದ್ದ ಖುಷಿ.

ಭಾನುವಾರ, ಅಕ್ಟೋಬರ್ 6, ಮಧ್ಯಾಹ್ನ

ವೆರಿ ವೆಲ್ ಆಯಿತು. ಇನಾಸ ಬೆಕ್ಕಿನ ಹಾಗೆ ಹತ್ತಿದ, ಇಳಿದ. ಗಂಟೆಯ ನಾದವೇ ಬೇರೆ ಅನ್ನಿಸಿತು — ಹಗ್ಗಕ್ಕೂ ನಾದಕ್ಕೂ ಸಂಬಂಧವಿಲ್ಲ, ಆದರೂ.

ಮೊಬೈಲ್ ಎಲ್ಲ ಬಾಗಿಲ ಬಳಿಯ ಬುಟ್ಟಿಯಲ್ಲಿ. ಫಾದರ್ ಮಾಡಿದ ಹೊಸ ರೂಲ್. ಬುಟ್ಟಿಗೆ ನಾನೇ ಇನ್‌ಚಾರ್ಜ್. ಕೆಲಸ ಮುಗಿಸಿ ಇನಾಸ ಸೀದಾ ಫೋನಿಗೆ ಬಂದ. ಫೈವ್ ಮಿನಿಟ್ಸ್, ಫಾದರ್ ಎರಡು ಮಾತಾಡುತ್ತಾರೆ, ಕಾರವಾರದ ಬಿಷಪ್ಪರಿಗೆ ಕಳಿಸಲು ಫೋಟೊ ಬೇಕು ಅಂತ ನಿಲ್ಲಿಸಿದೆ. "ಫೋನ್ ಬಂದ್ರೆ ಕೂಗಿ" ಅಂದ. ಆಗಲಿ ಅಂದೆ. ಹೋಗಿ ಸಾಲಿನಲ್ಲಿ ನಿಂತ. ಫಾದರ್ ಮಾತು ಐದು ಮಿನಿಟಿನಲ್ಲಿ ಮುಗಿಯುವಂಥದ್ದಲ್ಲ. ನಡುವೆ ಬುಟ್ಟಿಯಲ್ಲಿ ಯಾರದೋ ಫೋನ್ ಗುಂಯ್ ಅಂತ ನಡುಗಿತು. ಕಟ್ ಮಾಡಿದೆ. ಇನ್ನೊಮ್ಮೆ. ಮತ್ತೆ ಕಟ್. ಯಾರದ್ದೆಂದು ನೋಡಲಿಲ್ಲ.

ಫೋಟೊದಲ್ಲಿ ನಾನೂ ಇದ್ದೇನೆ.

ಅದೇ ದಿನ, ಸಂಜೆ

ನೋಡಿದ್ದೆ. 'ಕುಪ್ಪ' ಅಂತ ಇತ್ತು. ಎರಡು ಸಲವೂ.

ಒಂಬತ್ತರ ಹೊತ್ತಿಗೆ ದಡದ ನೀರು ಕಪ್ಪಾಗಿತ್ತಂತೆ, ಅಷ್ಟು ಬಂಗಡೆ. ಇನಾಸ ಬರುವ ದಾರಿ ಕಾದು ಕಾದು ಕೊನೆಗೆ ಕುಪ್ಪನ ಮಗ ನಿತಿನ ದೋಣಿ ಇಳಿಸಿದ. ಬಲೆ ಸುತ್ತುವಷ್ಟರಲ್ಲಿ ಹಿಂಡು ಬಂಡೆಯಾಚೆ. ಪಕ್ಕದ ಊರಿನವರು ಟೆಂಪೊ ತರಿಸಿ ತುಂಬಿದರಂತೆ.

ಫಾದರ್ ಅದೇ ಹೊತ್ತಿಗೆ ತ್ಯಾಗದ ವಿಷಯ ಮಾತಾಡುತ್ತಿದ್ದರು. ಡಿಸ್ಟರ್ಬ್ ಆಗಬಾರದು ಅಂತ... ಇರಲಿ. ಕೂಗುತ್ತೇನೆಂದು ಒಪ್ಪಿದ್ದವ ನಾನು.

ಮಂಗಳವಾರ, ಅಕ್ಟೋಬರ್ 8

ನಾಗಿ ಬಂದಿದ್ದಳು, ಕುಪ್ಪನ ಹೆಂಡತಿ. ಎಸ್ತೆಲ್ ಇದ್ದಾಗಿನಿಂದ ನಮಗೆ ಮೀನು ಕೊಡುವವಳು. ಗೇಟಿನೆದುರು ಬುಟ್ಟಿ ಇಳಿಸಿದಳು. ಖಾಲಿ.

"ಏನೂ ಇಲ್ಲವಲ್ಲ ನಾಗಿ."

"ಇಗರ್ಜಿಲಿ ಕೇಳಿ ಬಾಬ. ನಮ್ಮ ಬಂಗಡೆ ಎಲ್ಲಾ ಪೂಜೆಗೆ ಹೋಗ್ಯದೆ."

ಗೇಟು ತೆರೆದೆ. ಅವಳು ಒಳಗೆ ಬರಲಿಲ್ಲ.

"ನಮ್ಮನೆಯವ್ರು ಎರಡ್ ಸಲ ಫೋನ್ ಮಾಡ್ದ್ರು. ಎರಡ್ ಸಲನೂ ಕಟ್ ಮಾಡ್ದ ಆ ಇನಾಸ. ಎತ್ತುದಿಲ್ಲ ಅಂದ್ರೆ ಬ್ಯಾರೆ. ಕಟ್ ಮಾಡುದು ಅಂದ್ರೆ ಎಂತದ್ರಾ ಅದು? ಈಗ ನೋಡಿ, ನಾ ಮುಟ್ಲೇ ಇಲ್ಲ ಅಂತ ಆಣೆ ಹಾಕ್ತಾ ಕೂತ. ಫೋನಿಗೇನ್ ಕೈ ಉಂಟಾ, ತನ್ನಷ್ಟಕ್ಕೇ ಕಟ್ ಮಾಡ್ಕಳುಕೆ?"

ಮುಂದಿನ ವಾರ ಗುರುವಾರ ಸಂಜೆ, ಬೆಳಕಿರುವಾಗಲೇ, ಬಲೆ ಎತ್ತಿಡುವ ಮೊದಲು ಎಲ್ಲ ದಡದಲ್ಲಿ ಸೇರುತ್ತಾರಂತೆ. ದೋಣಿ ಇನ್ನು ನಿತಿನನಿಗೆ. ಇನಾಸನನ್ನು ಬಲೆಯಿಂದಲೇ ಬಿಡಿಸುವುದಂತೆ. ಅವನ ಅಜ್ಜನ ಕಾಲದಿಂದ ಆ ಬಲೆಯಲ್ಲಿ ಅವರ ಮನೆಗೆ ಪಾಲಿದೆ.

ನಾನು ಏನು ಹೇಳಿದೆ? "ಚಾ ಕುಡಿತೀಯಾ ನಾಗಿ?" — ಅಷ್ಟು.

ಭಾನುವಾರ, ಅಕ್ಟೋಬರ್ 13

ಫಾದರ್ ಮೈಕ್ ಕೊಟ್ಟರು. ಕೊಡುವವರ ಬಗ್ಗೆ ಎರಡು ಮಾತು, ಇನಾಸನ ಉದಾಹರಣೆ ಹೇಳಿ ಅಂದರು. ಹೇಳಿದೆ! ದುಡಿಮೆಯ ದಿನವನ್ನೇ ದೇವರಿಗೆ ಬಿಟ್ಟುಕೊಟ್ಟವ ಅಂದೆ. ಚಪ್ಪಾಳೆ. ಇನಾಸ ಹಿಂದಿನ ಕಂಬದ ಹತ್ತಿರ ನಿಂತು ನೆಲ ನೋಡುತ್ತಿದ್ದ. ಅವನ ಹೆಂಡತಿ ರೊಜಾರಿನ್ ಚಪ್ಪಾಳೆ ತಟ್ಟಲಿಲ್ಲ.

ನಿಜ ನಾಲಿಗೆ ತುದಿಗೆ ಬಂದಿತ್ತು. ಇದು ಮೈಕಿನಲ್ಲಿ ಹೇಳುವ ಮಾತಲ್ಲ ಅಂತ ನುಂಗಿದೆ. ಹೊರಗೆ ಅಂಗಳದಲ್ಲಿ ಮೈಕ್ ಇರಲಿಲ್ಲ. ಅಲ್ಲೂ ಹೇಳಲಿಲ್ಲ.

ಎಸ್ತೆಲ್ ಇದ್ದಿದ್ದರೆ ಇವತ್ತು ನನಗೆ ಅನ್ನ ಬಡಿಸುತ್ತಿರಲಿಲ್ಲ.

ಗುರುವಾರ, ಅಕ್ಟೋಬರ್ 17

ಮೂರಕ್ಕೆ ಇನಾಸ ಬಂದ. ಇಸ್ತ್ರಿ ಮಾಡಿದ ಶರ್ಟು ಹಾಕಿದ್ದ.

"ಬಾಬ, ಒಂದ್ ಉಪಕಾರ. ಬುಟ್ಟಿ ಹತ್ರ ನೀವೇ ಇದ್ರಿ. ನಾ ಫೋನ್ ಮುಟ್ಲಿಲ್ಲ ಅಂತ ಕುಪ್ಪಂಗೆ ಬಂದ್ ಹೇಳಿ. ನಿಮ್ಮ ಮಾತ್ ನಂಬ್ತ್ರು ಅವ್ರು. ಓದ್ದವ್ರು ಸುಳ್ಳ್ ಹೇಳುದಿಲ್ಲ ಅಂತ ಲೆಕ್ಕ ಅವ್ರದ್ದು."

"ಕಟ್ ಮಾಡಿದ್ದು ನಾನು ಇನಾಸ. ಹೆಸರು ನೋಡಿಯೇ ಮಾಡಿದೆ" ಅಂದೆ. ಸಾರಿ ಅಂದೆ. ಎಕ್ಸ್‌ಟ್ರೀಮ್ಲಿ ಸಾರಿ ಅಂದೆ. ಆ ಶಬ್ದ ಯಾಕಾದರೂ ಬಂತೋ.

ಅವನು ಬಯ್ಯಲಿಲ್ಲ. ಚಾ ಮುಟ್ಟಲಿಲ್ಲ.

"ಗೊತ್ತಿತ್ತು ನಂಗೆ. ಮತ್ಯಾರ್ ಮಾಡ್ತ್ರು? ನೀವಾಗೇ ಹೇಳ್ತ್ರಿ ಅಂತ ಇಷ್ಟ್ ದಿನ ಕಾದೆ."

ಎದ್ದ. ಬಾಗಿಲಲ್ಲಿ ನಿಂತು, "ನಂಗ್ ಹೇಳಿ ಏನಾಯ್ತು ಬಾಬ? ಅಲ್ಲಿ ಬಂದ್ ಹೇಳಿ. ಬಲೆ ಎತ್ತುಕಿಂತ ಮೊದ್ಲು" ಅಂದು ಇಳಿದು ಹೋದ.

ಹೋಗಬೇಕು. ಹೋಗುತ್ತೇನೆ. ಹೋಗುವ ಮೊದಲು ಏನು ಹೇಳುವುದೆಂದು ಬರೆದುಕೊಳ್ಳೋಣ ಅಂತ ಕೂತೆ. 'ಕುಪ್ಪಾ, ನೀನು ಮಾಡಿದ ಫೋನ್...' — ಅಲ್ಲ. 'ಆ ದಿನ ನಡೆದದ್ದೇನೆಂದರೆ...' ಇದು ಫಾದರ್ ಮಾತಿನ ಹಾಗಾಯಿತು. ನಾಗಿ ಇರುತ್ತಾಳೆ, ನಿತಿನ ಇರುತ್ತಾನೆ, ಎಲ್ಲರೂ ನನ್ನ ಮುಖ ನೋಡುತ್ತಾರೆ. ನಮಸ್ಕಾರದಿಂದ ಶುರು ಮಾಡಬೇಕೋ, ಸೀದಾ ಹೇಳಿಬಿಡಬೇಕೋ. ಸೀದಾ ಹೇಳುವುದಾದರೆ ಐದು ಶಬ್ದ ಸಾಕು, ಅದಕ್ಕೆ ಒಂದು ಪುಟ ಯಾಕೆ ತುಂಬಿಸಿದೆನೋ.

ಅಕ್ಷರ ಸರಿಯಾಗಿ ಕಾಣುತ್ತಿಲ್ಲ. ಕನ್ನಡಕ ಒರೆಸಿದೆ. ಕನ್ನಡಕದ್ದಲ್ಲ, ಬೆಳಕು ಹೋಗುತ್ತಿದೆ. ದೇವರೇ, ಅವರು ಈಗ ಬಲೆ ಎತ್ತಿ