ಕೈಮುಗಿದರೆ ನೀರು

ಜರಗನಹಳ್ಳಿ
17 ಜುಲೈ 2025

ಪ್ರೀತಿಯ ಲತಕ್ಕನಿಗೆ,

ನಿನ್ನ ತಂಗಿ ವನಿತಾಳ ನಮಸ್ಕಾರ. ಫೋನಿನಲ್ಲಿ ಹೇಳಲು ಹೋದರೆ ಅಳು ಬರುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ.

ನಿನ್ನೆ ನಮ್ಮ ಇಂಚರಳ ಸ್ಕೂಲಿನಿಂದ ಕರೆ ಬಂತು. ಮಾರ್ಕ್ಸ್ ವಿಷಯವಿರಬೇಕೆಂದು ಹೋದೆ. ಗಿರಿಜಾದೇವಿ ಮೇಡಂ ಕೂರಿಸಿಕೊಂಡು ಹೇಳಿದ್ದು ಬೇರೆಯೇ. ನಮ್ಮ ಮಹಡಿಯ ಬಾಡಿಗೆಯವರ ಮಗಳು ನೀಲಾ ಇವಳದೇ ಕ್ಲಾಸು. ಊಟದ ಬಿಡುವಿನಲ್ಲಿ ಕುಡಿಯುವ ನೀರಿನ ನಲ್ಲಿಗೆ ಇಂಚರ ಅಡ್ಡ ನಿಲ್ಲುತ್ತಾಳಂತೆ. ನೀಲಾ ಕೈಮುಗಿದು, ಓನರ್ ಆಂಟಿ ನೀರು ಬಿಡಿ ಅನ್ನಬೇಕಂತೆ. ಮೆಲ್ಲಗೆ ಅಂದರೆ ಇನ್ನೊಂದು ಸಲ ಅನ್ನಿಸುವುದು. ಸುತ್ತ ನಿಂತವರಿಗೆಲ್ಲ ನಗು. ಆ ಮಗು ನೀರು ಕುಡಿಯುವುದನ್ನೇ ಬಿಟ್ಟಿದೆ. ಮೊನ್ನೆ ಆಟದ ಪೀರಿಯಡ್ಡಿನಲ್ಲಿ ತಲೆಸುತ್ತಿ ಬಿದ್ದು, ಈಗ ಆಸ್ಪತ್ರೆಯಲ್ಲಿ ಡ್ರಿಪ್ ಹಾಕಿದ್ದಾರೆ.

ಇರುವೆ ಸತ್ತರೂ ಅಳುತ್ತಿದ್ದವಳು ಅಕ್ಕ ನಮ್ಮ ಇಂಚರ. ಯಾಕಮ್ಮಾ ಹೀಗೆ ಮಾಡಿದೆ ಎಂದು ಮೇಡಂ ಕೇಳಿದರೆ, ನಮ್ಮನೇಲಿ ಹಂಗೇ ಅಲ್ವಾ ಮಿಸ್ ಅಂದಳಂತೆ, ಏನೂ ಆಗದವಳ ಹಾಗೆ.

ಅದೂ ನಿಜವೇ. ಮೇಲಿನವರು ಜಾಸ್ತಿ ಬಟ್ಟೆ ಒಗೆದರೆಂದೋ, ನೆಂಟರು ಬಂದರೆಂದೋ ನಮ್ಮತ್ತೆ ವಾಲ್ವ್ ತಿರುಗಿಸಿ ಅವರ ನೀರು ನಿಲ್ಲಿಸಿಬಿಡುತ್ತಾರೆ. ನೀಲಾಳ ಅಮ್ಮ ಸಂಗೀತಾ ಕೆಳಗಿಳಿದು ಬಂದು, ಬಾಗಿಲಲ್ಲಿ ನಿಂತು ಕೇಳಿಕೊಳ್ಳಬೇಕು. ಇಷ್ಟ ಇದ್ರೆ ಇರಿ, ಇಲ್ದಿದ್ರೆ ಖಾಲಿ ಮಾಡಿ ಅನ್ನುತ್ತಾರೆ ಅತ್ತೆ. ಹಳೇ ಕಾಲದವರು, ನಾನೇನು ಬುದ್ಧಿ ಹೇಳಲಿ? ನೂಲಿನಂತೆ ಸೀರೆ ಎಂದು ನೀನು ಮಾತ್ರ ಶುರು ಮಾಡಬೇಡ.

ನಮ್ಮ ಮನೆಯವರು ಮಕ್ಕಳ ಜಗಳ ಬಿಡು ಎಂದು ಟೀವಿ ಹಾಕಿಕೊಂಡರು. ನನ್ನ ಹೊಟ್ಟೆಯಲ್ಲಿ ಹುಟ್ಟಿದವಳನ್ನು ಕಂಡು ನನಗೇ ಭಯವಾಗುತ್ತಿದೆ. ಮುಂದಿನ ಭಾನುವಾರ ಇಟ್ಟಮಡುವಿನಿಂದ ಒಂದು ಸಲ ಬಂದು ಹೋಗಕ್ಕ, ನಿನ್ನ ಮಾತಾದರೂ ಕೇಳುತ್ತಾಳೇನೋ.

ನಿನ್ನ
ವನಿತಾ

ತಾ.ಕ.: ಕವರ್ ಅಂಟಿಸುವ ಮೊದಲು ಇಂಚರಳನ್ನು ಕರೆದು, ಆಸ್ಪತ್ರೆಗೆ ಹೋಗಿ ನೀಲಾಳಿಗೆ ಸಾರಿ ಹೇಳೋಣ ನಡಿ ಅಂದೆ. ಅಜ್ಜಿಯನ್ನು ನೋಡಿ ಇಂಥದ್ದೆಲ್ಲ ಕಲಿಯಬೇಡ ಎಂದೂ ಅಂದೆ. ಅಜ್ಜಿ ಯುಗಾದಿಯಿಂದ ಚಿಕ್ಕಲಸಂದ್ರದಲ್ಲಿ ಚಿಕ್ಕಪ್ಪನ ಮನೇಲಿದ್ದಾರಲ್ಲಮ್ಮ, ವಾಲ್ವ್ ತಿರುಗಿಸ್ತಿರೋದು ನೀನು ತಾನೇ ಅಂದಳು. ಮೊದಲು ನೀನು ಸಂಗೀತಾ ಆಂಟಿಗೆ ಸಾರಿ ಹೇಳು, ಆಮೇಲೆ ನಾನು ಹೇಳ್ತೀನಿ ಎಂದು ಗೇಟಿನ ಹತ್ತಿರ ಹೋಗಿ ನಿಂತಿದ್ದಾಳೆ. ಚಪ್ಪಲಿ ಸಿಗ್ತಿಲ್ಲ ಎಂದು ಸುಳ್ಳು ಹೇಳಿ ನಾನು ಒಳಗೆ ಕೂತಿದ್ದೇನೆ.