ಅವ್ವನ ಸೀರೆಗಳ ಕೌದಿ

ಸವಣೂರು, ಶನಿವಾರ, 18 ಜನವರಿ

ಹಳೆ ಸೀರೆ ಸೇರಿಸಿ ಹೊದೆಯಲು ಒಂದು ಕೌದಿ ಹೊಲಿಯಲು ಈಗ ಎರಡೂವರೆ ಸಾವಿರ ರೂಪಾಯಿ. ಹೇಳಿದ್ದು ಹತ್ತಿಮತ್ತೂರಿನಿಂದ ಬಂದಿದ್ದ, ಅವ್ವನ ಕಾಲದಿಂದಲೂ ನಮ್ಮ ಮನೆಗೆ ಕೌದಿ ಹೊಲಿಯುವ ಶೇಖವ್ವ. ದಸರೆಗೆ ಮೊದಲು ತೀರಿಕೊಂಡ ಅವ್ವನ ಸೀರೆಗಳ ಗಂಟು ಬಿಚ್ಚುವ ಮುನ್ನವೇ ನಾನು ದರ ಕೇಳಿದ್ದೆ.

“ಪ್ಯಾಟ್ಯಾಗ ಆರುನೂರಕ್ಕ ಬ್ಲಾಂಕೆಟ್ ಸಿಗತೈತಿ,” ಎಂದಳು ನನ್ನ ಹೆಂಡತಿ ಮಲ್ಲಿಕಾ.

“ಹಂಗಾರ ಅದನ್ನ ಹೊಚ್ಚಿಕೋರಿ,” ಶೇಖವ್ವ ನಕ್ಕು ನನ್ನತ್ತ ತಿರುಗಿದಳು. “ನಿಮ್ಮ ಅವ್ವಾರು ಒಮ್ಮ್ಯಾರ ರೇಟ್ ಕೇಳಿಲ್ರಿ. ಹೋಳಿಗಿ ಉಣಿಸಿ, ಜ್ವಾಳಾ ಕೊಟ್ಟು, ಉಡಿ ತುಂಬಿ ಕಳಸ್ತಿದ್ರು. ನೀವು ರೊಕ್ಕ ಕೇಳಿದ್ರಿ, ನಾ ರೊಕ್ಕ ಹೇಳಿದ್ನಿ.”

ನನಗೆ ಸಿಟ್ಟೂ ಬರಲಿಲ್ಲ, ನಾಚಿಕೆಯೂ ಆಗಲಿಲ್ಲ. ಅವ್ವ ಹೋದಾಗಿನಿಂದ ಏನೂ ತಟ್ಟುತ್ತಿಲ್ಲ. ಗಂಟು ಬಿಚ್ಚಿದೆ. ಶೇಖವ್ವ ಅವ್ವನ ಹಸಿರು ಇಳಕಲ್ ಸೀರೆಯನ್ನು ಮಡಿಲಲ್ಲಿಟ್ಟುಕೊಂಡು ಬಹಳ ಹೊತ್ತು ಸವರಿದಳು. “ಇದು ಕೌದಿ ನಡುವ ಇರ್ಲಿ,” ಎಂದಳು. ಮಲ್ಲಿಕಾ ಮತ್ತೆ ಬ್ಲಾಂಕೆಟ್ ಮಾತು ತೆಗೆಯಲಿಲ್ಲ.

ಸೋಮವಾರ ಮುಂಜಾನೆ ಶೇಖವ್ವ ಹೊಲಿಯಲು ಬರುತ್ತಾಳೆ. ಅಂದು ಮನೆಯಲ್ಲಿ ಹೋಳಿಗೆ.